ನಾಲ್ಕು ದಿನದ ಚಾರಣ, ಎಂಟು ದಿನದ ಲೆಕ್ಕ

ಚಾರಣದಿಂದ ಮರಳಿದವರನ್ನು ಕಾದು ಕುಳಿತಿರುವ ಓದಿನ ಬಾಕಿಗೆ ಈ ಸಲ ಮದ್ದು ಸಿಕ್ಕಿದೆ. ಸೆಮಿಸ್ಟರ್ ನಡೆಯುತ್ತಿರುವಾಗಲೇ ಬೆಟ್ಟಕ್ಕೆ ಹೋಗಿ ಬಂದು, ಮರುವಾರ ತರಗತಿಯಲ್ಲಿ ತಲೆ ಎತ್ತಿ ಕುಳಿತುಕೊಳ್ಳಲು ಸಾಧ್ಯವೇ ಎಂಬುದು ಈ ಯೋಜನೆಯ ಮೂಲ ಪ್ರಶ್ನೆಯಾಗಿತ್ತು. ಸಾಧ್ಯ. ಅದೂ ಯಾವ ದಿನವೂ ಎಂದಿನ ಓದಿಗಿಂತ ಹೊರೆ ಹೆಚ್ಚಾಗದಂತೆ. ಲೆಕ್ಕ ಕಾಗದದ ಮೇಲೆ ಕೂಡಿಬಂದ ರಾತ್ರಿ ಸಂತೋಷಕ್ಕೆ ನಿದ್ದೆ ಹತ್ತಲಿಲ್ಲ. ಈಗ ಅದು ಬೆಟ್ಟದ ಮೇಲೂ ಸರಿಯಾಗಿಯೇ ನಿಂತಿದೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆನ್ನುಚೀಲ ತುಂಬುವುದು, ಟೆಂಟ್, ಒಲೆ, ರಜೆಯ ಅರ್ಜಿ, ಮನೆಯವರನ್ನು ಒಪ್ಪಿಸುವುದು, ಇವೆಲ್ಲ ನೀವು ತುಳಿದ ದಾರಿಯೇ, ಬಿಟ್ಟುಬಿಡುತ್ತೇನೆ. ಪ್ರಶ್ನೆ ಒಂದು ಬದಿಗೆ, ಉತ್ತರ ಇನ್ನೊಂದು ಬದಿಗೆ ಬರೆಯುವ ಕಾರ್ಡುಗಳೂ ನಿಮಗೆ ಹೊಸದಲ್ಲ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಪೆಟ್ಟಿಗೆ ಪದ್ಧತಿಯೇ ನನ್ನ ಆಧಾರ: ಉತ್ತರ ಸರಿಯಾದ ಕಾರ್ಡ್ ಪೆಟ್ಟಿಗೆಯ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ನಾನು ಬಳಸುವ ರೂಪದಲ್ಲಿ, ಉತ್ತರ ಸರಿಯಾದಾಗಲೆಲ್ಲ ಕಾಯುವ ಅಂತರ ಇಮ್ಮಡಿಯಾಗುತ್ತದೆ: 1, 2, 4, 8, 16 ದಿನ. ಅಂದರೆ ಇಂದು ಬರೆದ ಕಾರ್ಡ್ 1, 3, 7, 15 ಮತ್ತು 31ನೇ ದಿನಗಳಲ್ಲಿ ಮತ್ತೆ ಎದುರು ಬರುತ್ತದೆ. ದಿನಕ್ಕೆ 20 ಹೊಸ ಕಾರ್ಡ್ ಎಂದು ಇಟ್ಟುಕೊಳ್ಳಿ. ಪದ್ಧತಿ ನೆಲೆಗೊಂಡ ಮೇಲೆ ದಿನಕ್ಕೆ 100 ಹಳೆಯ ಕಾರ್ಡುಗಳ ಸರದಿ ಬರುತ್ತದೆ. ಇಷ್ಟನ್ನು ನಿಭಾಯಿಸುವುದು ಕಷ್ಟವಲ್ಲ.

ಕಷ್ಟ ಆರಂಭವಾಗುವುದು ನಾಲ್ಕು ದಿನ ಬೆಟ್ಟಕ್ಕೆ ಹೋದಾಗ. ಆ ದಿನಗಳಲ್ಲಿ ಹೊಸ ಕಾರ್ಡ್ ಬರೆಯದಿದ್ದರೂ ಹಳೆಯವುಗಳ ಸರದಿ ನಿಲ್ಲುವುದಿಲ್ಲ. ಮೊದಲ ದಿನ 100, ಎರಡನೇ ಮತ್ತು ಮೂರನೇ ದಿನ 80ರಂತೆ, ನಾಲ್ಕನೇ ದಿನ 60. ಒಟ್ಟು 320 ಕಾರ್ಡ್ ಮೇಜಿನ ಮೇಲೆ ಕಾದಿರುತ್ತವೆ. ಕಾಲು ನೋಯುತ್ತಿರುತ್ತದೆ, ಬಟ್ಟೆ ಒಗೆಯಬೇಕು, ಪ್ರಯೋಗಾಲಯದ ವರದಿಗೆ ಗಡುವು ಬಂದಿರುತ್ತದೆ. ನಮ್ಮಲ್ಲಿ ಹಲವರು ಸೆಮಿಸ್ಟರಿನ ಮಧ್ಯೆ ಹೊರಡುವುದನ್ನು ಕೈಬಿಟ್ಟದ್ದು ಈ ಮೇಜಿಗೆ ಹೆದರಿಯೇ ಹೊರತು ಬೆಟ್ಟಕ್ಕೆ ಹೆದರಿ ಅಲ್ಲ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದರು. ಎರಡನ್ನೂ ಒಂದೇ ತಿಂಗಳಲ್ಲಿ ಮಾಡುವ ವೇಳಾಪಟ್ಟಿಯನ್ನು ನಾವೇ ಬರೆದುಕೊಳ್ಳಬೇಕು.

ಗಂಟು ಸಡಿಲವಾದದ್ದು ಬಾಕಿಯನ್ನು ರಾಶಿಯಾಗಿ ನೋಡುವುದನ್ನು ಬಿಟ್ಟು, ವಯಸ್ಸಿನ ಪ್ರಕಾರ ಬೇರ್ಪಡಿಸಿದಾಗ. ಕಲಿತದ್ದು ಮೊದಲ ದಿನಗಳಲ್ಲಿ ರಭಸದಿಂದ ಮರೆತುಹೋಗಿ, ಆಮೇಲೆ ನಿಧಾನವಾಗಿ ಸವೆಯುತ್ತದೆ ಎಂಬುದನ್ನು ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ್ದ. ಹಾಗಿದ್ದ ಮೇಲೆ ಎಲ್ಲ ಕಾರ್ಡುಗಳ ವಿಳಂಬವೂ ಒಂದೇ ಬೆಲೆಯದಲ್ಲ. ಹೊರಡುವ ಹಿಂದಿನ ದಿನ ಬರೆದ ಕಾರ್ಡ್ ಮರುದಿನವೇ ಕೇಳಬೇಕಾದದ್ದು. ಮರಳಿದ ಮೇಲೆ ಕೇಳಿದರೆ ಅದು 5 ದಿನ ಕಾದಿರುತ್ತದೆ, ಐದು ಪಟ್ಟು. 16 ದಿನಕ್ಕೆ ಕಾಯುತ್ತಿದ್ದ ಕಾರ್ಡನ್ನು 20ನೇ ದಿನ ಕೇಳಿದರೆ ಕಾಲು ಭಾಗ ಮಾತ್ರ ತಡ. ಎಳೆಯ ಕಾರ್ಡ್ ಸಾಯುತ್ತದೆ, ಬಲಿತ ಕಾರ್ಡ್ ತಾಳುತ್ತದೆ.

ಆದ್ದರಿಂದ ಮೊದಲ ನಿಯಮ: ಹೊರಡುವ ಹಿಂದಿನ ನಾಲ್ಕು ದಿನ ಹೊಸ ಕಾರ್ಡ್ ಬರೆಯಬಾರದು. ಆಗ ಬೆಟ್ಟದ ಮೇಲಿರುವಾಗ 1ನೇ ದಿನದ, 3ನೇ ದಿನದ ಸರದಿಗಳೇ ಇರುವುದಿಲ್ಲ. ಬಾಕಿ 320ರಿಂದ 220ಕ್ಕೆ ಇಳಿಯುತ್ತದೆ, ಉಳಿದವೆಲ್ಲ ಬಲಿತ ಕಾರ್ಡುಗಳು. ಇದರ ಜೊತೆಗೆ ಒದಗುವ ಲಾಭ ಇನ್ನೂ ದೊಡ್ಡದು. ಹೊರಡುವ ಮುನ್ನಿನ ಮೂರು ದಿನಗಳಲ್ಲಿ ಹಳೆಯ ಸರದಿಯೂ 80, 80, 60 ಎಂದು ತಗ್ಗುತ್ತದೆ. ವರದಿ ಮುಗಿಸಲು, ಚೀಲ ಕಟ್ಟಲು, ಗುಂಪಿನ ಕೆಲಸದಲ್ಲಿ ನನ್ನ ಪಾಲನ್ನು ಮುಂಚೆಯೇ ಒಪ್ಪಿಸಲು ಬೇಕಾದ ಹೊತ್ತು ಸರಿಯಾಗಿ ಅದೇ ದಿನಗಳಲ್ಲಿ ಸಿಗುತ್ತದೆ.

ಎರಡನೇ ನಿಯಮ: 7ನೇ ದಿನದ ಸರದಿಯವನ್ನು ಮಾತ್ರ ಜೊತೆಗೆ ಒಯ್ಯಬೇಕು. ಉಳಿದವುಗಳಲ್ಲಿ ವಿಳಂಬ ತಾಳದವು ಅವೇ. ದಿನಕ್ಕೆ 20ರಂತೆ ಮೊದಲ ಮೂರು ದಿನಕ್ಕೆ 60 ಕಾರ್ಡ್. ನಾಲ್ಕನೇ ದಿನ ಜೇಬು ಖಾಲಿ, ಇಳಿಯುವ ದಿನ ಪೂರ್ತಿ ಬೆಟ್ಟಕ್ಕೇ ಮೀಸಲು. ಇದನ್ನು ನಾನು ಯೋಜಿಸಿರಲಿಲ್ಲ, ಲೆಕ್ಕವೇ ಉಡುಗೊರೆಯಾಗಿ ಕೊಟ್ಟಿತು.

ಈಗ ಉಳಿದ 160, ಅಂದರೆ 8 ಮತ್ತು 16 ದಿನದ ಅಂತರ ಕಾದು 15ನೇ, 31ನೇ ದಿನ ಬರುವ ಕಾರ್ಡುಗಳು. ಮರಳಿದ ಮರುದಿನದಿಂದ ಹೊಸ ಕಾರ್ಡ್ ಬರೆಯಲು ಮತ್ತೆ ಆರಂಭಿಸಿದರೂ ಸಹಜ ಸರದಿ ತಕ್ಷಣ 100ಕ್ಕೆ ಏರುವುದಿಲ್ಲ. ಎಂಟು ದಿನ ಹೊಸದು ಸೇರದ ಖಾಲಿ ಜಾಗ ಮುಂದೆ ಸರಿದು ಬರುತ್ತಿರುತ್ತದೆ. ಮೊದಲ ನಾಲ್ಕು ದಿನಗಳ ಸಹಜ ಸರದಿ 40, 60, 60, 80. ನೂರಕ್ಕೆ ಕೊರತೆ 60, 40, 40, 20. ಕೂಡಿಸಿ ನೋಡಿ, 160! ಮುಂದೂಡಿದ ಬಾಕಿ ಅಷ್ಟೂ ಆ ಕೊರತೆಯೊಳಗೆ ಒಂದು ಕಾರ್ಡ್ ಹೆಚ್ಚಿಲ್ಲದೆ, ಒಂದು ಕಡಿಮೆಯಿಲ್ಲದೆ ಕುಳಿತುಕೊಳ್ಳುತ್ತದೆ. ಮೊದಲು 8 ದಿನದ ಅಂತರದವನ್ನು, ಆಮೇಲೆ 16ರವನ್ನು ಮುಗಿಸಿದರೆ, 8ರವು ಹೆಚ್ಚೆಂದರೆ 12 ದಿನ, 16ರವು ಹೆಚ್ಚೆಂದರೆ 21 ದಿನ ಕಾದಿರುತ್ತವೆ. ತಪ್ಪು ಉತ್ತರದಿಂದ ಮೊದಲ ಖಾನೆಗೆ ಮರಳುವ ಕಾರ್ಡುಗಳು ಇದರ ಮೇಲೆ ಬರುತ್ತವೆ, ಆದರೆ ಅವು ಮನೆಯಲ್ಲಿದ್ದರೂ ಬರುವವೇ.

ಇಲ್ಲಿಗೆ ಮುಗಿಯಿತು ಎನ್ನುವಾಗ ಇನ್ನೊಂದು ರಾಶಿ ತಲೆ ಎತ್ತಿತು. ಹಲವು ಸಂಜೆಗಳನ್ನು ತಿಂದುಹಾಕಿದ್ದು ಇದೇ. ತಡವಾಗಿ ಉತ್ತರಿಸಿದ ಕಾರ್ಡಿನ ಮುಂದಿನ ಸರದಿಯನ್ನು ಉತ್ತರಿಸಿದ ದಿನದಿಂದ ಎಣಿಸಿದರೆ, ಮೊದಲ ದಿನ ಮುಗಿಸಿದ 8ರ ಅಂತರದ 60 ಕಾರ್ಡುಗಳೂ ಅಲ್ಲಿಂದ 16ನೇ ದಿನ ಒಟ್ಟಿಗೆ ಬಂದು ಬೀಳುತ್ತವೆ. ಆ ದಿನದ ಸಹಜ ಸರದಿ ಅಷ್ಟರಲ್ಲಿ 100 ಮುಟ್ಟಿರುತ್ತದೆ. ಒಂದೇ ದಿನ 160! ಅದರ ಹಿಂದಿನ ನಾಲ್ಕು ದಿನ ಮಾತ್ರ 60, 60, 60, 80 ಎಂದು ಹಗುರ. ಪರಿಹಾರ ಇಷ್ಟೇ: ಮುಂದಿನ ದಿನಾಂಕವನ್ನು ಮೂಲ ಸರದಿಯ ದಿನದಿಂದಲೇ ಎಣಿಸಬೇಕು. 8ರ ಕಾರ್ಡನ್ನು 12ನೇ ದಿನ ಕೇಳಿದೆವು ಎನ್ನಿ. ಅದರ ಮುಂದಿನ ಅಂತರ 16ರ ಬದಲು 12. ಹಳಿ ತಪ್ಪಿದ ಕಾರ್ಡುಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ಮರಳುತ್ತವೆ, ರಾಶಿ ಹುಟ್ಟುವುದೇ ಇಲ್ಲ. ಕಾರ್ಡಿನ ಮೂಲೆಯಲ್ಲಿ ಬರೆದ ದಿನಾಂಕವನ್ನು ಮಾತ್ರ ದಯವಿಟ್ಟು ಅಳಿಸಬೇಡಿ.

ಈಗ ಕಾಗದದ ಗೋಳು. ನೀರು ತಾಳುವ ಕಾಗದ ಬೇಕೆಂದು ಒಬ್ಬ ಪೂರೈಕೆದಾರರಿಗೆ ಹೇಳಿದ್ದೆ. ಪೆನ್ಸಿಲಿನಲ್ಲಿ ಬರೆಯುತ್ತೇನೆ ಎಂದು ಎರಡು ಸಲ ಒತ್ತಿ ಹೇಳಿದ್ದೆ. ಬಂದದ್ದು ಕನ್ನಡಿಯಂತೆ ಹೊಳೆಯುವ ಹಾಳೆ; ಅದರ ಮೇಲೆ ಪೆನ್ಸಿಲ್ ಜಾರುತ್ತದೆ, ಶಾಯಿ ಒಣಗುವುದಿಲ್ಲ. ನೀರು ತಾಳುತ್ತದೆ ನಿಜ, ಅಕ್ಷರವನ್ನು ತಾಳುವುದಿಲ್ಲ. ದೂರಿದರೆ “ನಮ್ಮ ಗ್ರಾಹಕರು ಯಾರೂ ಹೀಗೆ ಹೇಳಿಲ್ಲ” ಎಂಬ ಉತ್ತರ. ಇನ್ನೊಬ್ಬರು ಕತ್ತರಿಸಿ ಕಳುಹಿಸಿದ ಕಾರ್ಡುಗಳ ಅಗಲ ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ, ಪೆಟ್ಟಿಗೆಯಲ್ಲಿ ಸಣ್ಣವು ದೊಡ್ಡವುಗಳ ನಡುವೆ ಅಡಗಿಕೊಳ್ಳುತ್ತವೆ. ಕೊನೆಗೆ ಸಾಮಾನ್ಯ ದಪ್ಪ ಕಾಗದಕ್ಕೇ ಮರಳಿದೆ: ಚದರ ಮೀಟರಿಗೆ 200 ಗ್ರಾಂ ತೂಗುವ ಎ4 ಹಾಳೆ. ಅದನ್ನು ಮೂರು ಸಲ ಅರ್ಧ ಮಾಡಿದರೆ 74×105 ಮಿಲಿಮೀಟರಿನ ಎಂಟು ಎ7 ಕಾರ್ಡ್. ಅರವತ್ತರ ತೂಕ ಸುಮಾರು 93 ಗ್ರಾಂ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲವೇ ಅವಕ್ಕೆ ರೇನ್‌ಕೋಟ್. ಮೊಬೈಲಿನಲ್ಲೇ ಮಾಡಬಹುದಲ್ಲ ಎಂದು ಕೇಳುವವರಿಗೆ: ಮನೆಯಲ್ಲಿ ಧಾರಾಳವಾಗಿ ಮಾಡಿ. ಬೆಟ್ಟದ ಮೇಲೆ ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಆ ಶಕ್ತಿ ನಕ್ಷೆಗೂ ತುರ್ತು ಕರೆಗೂ ಬೇಕು.

ಯಾವಾಗ ಓದುವುದು ಎಂಬುದರಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ರಾತ್ರಿ ಟೆಂಟಿನಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಓದಬಾರದು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದಕ್ಕೇ ನಿದ್ದೆ ಬೇಕು. ಅದನ್ನು ಕದ್ದು ಓದುವುದರಲ್ಲಿ ಅರ್ಥವಿಲ್ಲ. ನಡೆಯುತ್ತಾ ಓದುವುದಂತೂ ಅಪಾಯ, ಇಳಿಜಾರಿನಲ್ಲಿ ಕಣ್ಣು ಕಾಲಿನ ಮುಂದೆಯೇ ಇರಬೇಕು. ಉಳಿಯುವುದು ವಿರಾಮದ ಹೊತ್ತು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್‌ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಲ್ಲಿ ಬಹಳ ಉಪಯುಕ್ತ: ಸಮತಟ್ಟಿನಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 15 ಕಿಲೋಮೀಟರ್ ದೂರ, 900 ಮೀಟರ್ ಏರು ಇರುವ ದಿನಕ್ಕೆ ನಾಲ್ಕೂವರೆ ಗಂಟೆ ನಡಿಗೆ. ಗಂಟೆಗೊಮ್ಮೆ ಹತ್ತು ನಿಮಿಷ ಕುಳಿತರೆ ನಾಲ್ಕು ವಿರಾಮ, ಒಂದೊಂದಕ್ಕೆ ಐದು ಕಾರ್ಡ್. ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಐದು ಕಾರ್ಡಿಗೆ ಮೂರು ನಿಮಿಷ ಸಾಕು. ಮಿಕ್ಕ ಏಳು ನಿಮಿಷ ಸುತ್ತ ನೋಡಬೇಕು. ನೋಡಲೇಬೇಕು, ಅದಕ್ಕಾಗಿಯೇ ಅಷ್ಟು ದೂರ ಬಂದಿರುವುದು.

ಜೊತೆಗೆ ಬಂದವರ ಕೈಗೆ ಕಾರ್ಡ್ ಕೊಟ್ಟು ಕೇಳಿಸಿದರೆ ಇನ್ನೂ ಚೆನ್ನ. ನಮ್ಮ ಗುಂಪಿನ ಸಾಹಿತ್ಯದ ವಿದ್ಯಾರ್ಥಿನಿ ಸಿಟ್ರಿಕ್ ಆಮ್ಲ ಚಕ್ರದ (ಜೀವಕೋಶ ಶಕ್ತಿ ಪಡೆಯುವ ರಾಸಾಯನಿಕ ಕ್ರಿಯೆಗಳ ಸರಣಿ) ಪ್ರಶ್ನೆಗಳನ್ನು ನನಗೆ ಕೇಳಿ ಕೇಳಿ, ಮೂರನೇ ದಿನದ ಏರಿನಲ್ಲಿ ಸಿಟ್ರೇಟಿನಿಂದ ಆಕ್ಸಲೋಅಸಿಟೇಟಿನವರೆಗೆ ತಾಳಕ್ಕೆ ತಕ್ಕಂತೆ ಹಾಡುತ್ತಾ ಹೆಜ್ಜೆ ಹಾಕುತ್ತಿದ್ದಳು. ಬದಲಿಗೆ ಛಂದಸ್ಸಿನ ಗಣಗಳನ್ನು ನನಗೆ ಕಲಿಸಿದಳು. ಆ ಹೆಸರುಗಳು ಈಗ ನನ್ನ ಪೆಟ್ಟಿಗೆಯಲ್ಲೂ ಸೇರಿವೆ, ಪರೀಕ್ಷೆಗೆ ಬೇಕಾಗಿಲ್ಲದಿದ್ದರೂ.

ಬೆಟ್ಟಕ್ಕೆ ಬಂದೂ ಕಾರ್ಡೇ, ಇದೆಂಥ ಪ್ರವಾಸ ಎಂದು ಕೇಳುವ ಗೆಳೆಯರಿದ್ದಾರೆ. ದಿನಕ್ಕೆ ಹನ್ನೆರಡು ನಿಮಿಷ ಕೊಟ್ಟು ಉಳಿದ ಹೊತ್ತೆಲ್ಲ ನಿಶ್ಚಿಂತೆಯಿಂದ ನಡೆಯುವುದು ನನಗೆ ದೊಡ್ಡ ಸ್ವಾತಂತ್ರ್ಯ. ಮೊದಲು ಎರಡನೇ ದಿನಕ್ಕೇ ಮನಸ್ಸು ಮೇಜಿನ ಕಡೆ ಓಡುತ್ತಿತ್ತು. ಈಗ ಇಲ್ಲ. ಈ ಲೆಕ್ಕ ನನ್ನಲ್ಲಿ ಇನ್ನೊಂದನ್ನೂ ಬದಲಿಸಿದೆ. ಪ್ರವಾಸದ ಖರ್ಚನ್ನು ಈಗ ನಾಲ್ಕು ದಿನ ಎಂದು ಎಣಿಸುವುದಿಲ್ಲ. ಎಂಟು ದಿನದ 160 ಹೊಸ ಕಾರ್ಡುಗಳೇ ಅದರ ನಿಜವಾದ ಬೆಲೆ, ಅದು ನನಗೆ ತಿಳಿದಿದೆ, ತಿಳಿದೇ ತೆರುತ್ತೇನೆ. ಪರೀಕ್ಷೆಗೆ ಎರಡು ವಾರ ಉಳಿದಿರುವಾಗ ಯಾರಾದರೂ ಕರೆದರೆ ಬೇಡ ಎನ್ನಲು ಕಷ್ಟವಾಗುವುದಿಲ್ಲ. ಉಳಿದ ಹೊತ್ತಿನಲ್ಲಿ ಹೂಂ ಎನ್ನಲೂ ಹಿಂಜರಿಕೆಯಿಲ್ಲ. ಹೊರಡುವ ಮುನ್ನ ಪ್ರಯೋಗಾಲಯದ ಜೊತೆಗಾರರಿಗೆ ನನ್ನ ಪಾಲಿನ ಕೆಲಸ ಒಪ್ಪಿಸಿ ಹೋಗುವುದೂ ಈಗ ರೂಢಿಯಾಗಿದೆ. ಅವರೇ ಈಗ ಶುಭಪ್ರಯಾಣ ಹೇಳುತ್ತಾರೆ.

ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಕುಣಿಯುತ್ತಿದೆ: ಎರಡು ಹಂತದ ಟಿಪ್ಪಣಿ ಪುಸ್ತಕ. ಚಾರ್ಲ್ಸ್ ಡಾರ್ವಿನ್ 1831ರ ಜನವರಿಯಲ್ಲಿ ಪದವಿಯ ಪರೀಕ್ಷೆ ಮುಗಿಸಿ, ಆಗಸ್ಟಿನಲ್ಲಿ ಭೂವಿಜ್ಞಾನಿ ಆಡಮ್ ಸೆಜ್‌ವಿಕ್ ಜೊತೆ ವೇಲ್ಸಿನ ಉತ್ತರ ಭಾಗದಲ್ಲಿ ಬಂಡೆಗಳನ್ನು ನೋಡುವುದನ್ನು ಕಲಿತು, ಅದೇ ಡಿಸೆಂಬರಿನಲ್ಲಿ 22ರ ವಯಸ್ಸಿಗೆ ಬೀಗಲ್ ಹಡಗು ಹತ್ತಿದ. ಎರಡು ವರ್ಷವೆಂದು ಹೊರಟ ಯಾನ 1836ರ ಅಕ್ಟೋಬರಿನವರೆಗೆ ಬೆಳೆಯಿತು. ದಡದಲ್ಲಿ ಅಲೆಯುವಾಗ ಜೇಬಿನ ಸಣ್ಣ ಪುಸ್ತಕದಲ್ಲಿ ಗೀಚಿದ್ದನ್ನು ಆತ ಆಮೇಲೆ ದೊಡ್ಡ ಪುಸ್ತಕದಲ್ಲಿ ವಿಸ್ತರಿಸಿ ಬರೆಯುತ್ತಿದ್ದ. ಅದೇ ಕ್ರಮವನ್ನು ನಾನೂ ಹಿಡಿಯಬೇಕೆಂದಿದ್ದೇನೆ: ದಾರಿಯಲ್ಲಿ ಕಂಡ ಬಂಡೆ, ಗಿಡಗಳ ಬಗ್ಗೆ ಜೇಬಿನ ಪುಸ್ತಕದಲ್ಲಿ ಒಂದೊಂದೇ ಸಾಲು, ಮರಳಿದ ಮೇಲೆ ವಿಸ್ತಾರ, ಅದರಿಂದ ಹುಟ್ಟಿದ ಪ್ರಶ್ನೆಗಳಿಗೆ ಕಾರ್ಡ್.

ಅದಕ್ಕೆ ಮೊದಲು ದೊಡ್ಡ ರಜೆಯ ಮೂರು ವಾರದ ನಡಿಗೆಯಿದೆ, ಅಲ್ಲಿ ಈ ಲೆಕ್ಕ ಸಾಲದು. 8ರ ಕಾರ್ಡನ್ನು 21 ದಿನ ಮುಂದೂಡಿದರೆ ಅದು 29 ದಿನ ಕಾಯಬೇಕಾಗುತ್ತದೆ, ಅಷ್ಟು ತಾಳುವುದಿಲ್ಲ. 15ನೇ ದಿನದ ಸರದಿಯವನ್ನೂ ಒಯ್ಯಬೇಕು. ಒಟ್ಟು 280 ಕಾರ್ಡ್, ಈಗಿನ ಕಾಗದದಲ್ಲಿ ಸುಮಾರು 435 ಗ್ರಾಂ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ತೂಕ ಇಳಿಸುವ ನಮ್ಮಂಥವರಿಗೆ ಇದು ಒಪ್ಪುವ ಮಾತಲ್ಲ. 100 ಗ್ರಾಂ ಕಾಗದಕ್ಕೆ ಇಳಿದರೆ ತೂಕ ಅರ್ಧವಾಗುತ್ತದೆ, ಆದರೆ ಹಿಂಬದಿಯ ಉತ್ತರ ಬೆಳಕಿಗೆ ಮುಂದಕ್ಕೆ ಕಾಣಿಸಿಬಿಡುತ್ತದೆ. ಗಾಢವಾಗಿ ಮೂಡುವ 2ಬಿ ಪೆನ್ಸಿಲ್ ಹಾಕಿದರೆ ಪೂರ್ತಿ ಕಾಣುತ್ತದೆ. ತೆಳುವಾಗಿ ಮೂಡುವ 2ಎಚ್ ಕಾಣುವುದಿಲ್ಲ, ಆದರೆ ಮೋಡ ಕವಿದ ಹೊತ್ತಿನಲ್ಲಿ ಅದನ್ನು ಓದುವುದೇ ಕಷ್ಟ. ಉತ್ತರವನ್ನು ಕಾರ್ಡಿನ ಕೆಳ ಅರ್ಧದಲ್ಲಿ ಮಾತ್ರ ಬರೆದು, ಕೇಳುವಾಗ ಆ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುವ ಉಪಾಯವನ್ನು ಈ ವಾರ ಪರೀಕ್ಷಿಸುತ್ತಿದ್ದೇನೆ.