ರಂಟೆ ಸುತ್ತಿ ಹೋಗುವ ಕಲ್ಲು

ಅಮೀನಗಡದಲ್ಲಿ ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಹೊರಟೆವು. ದುರ್ಗದ ಗುಡಿ, ಲಾಡಖಾನ್ ಗುಡಿ ಹಿಂದೆಯೇ ನೋಡಿದ್ದೆವು. ಈ ಸಲ ನೇರ ಮೇಗುತಿ ಗುಡ್ಡ ಹತ್ತಿದೆವು. ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಹೊಗಳಿ ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ಇರುವುದು ಅಲ್ಲಿನ ಗುಡಿಯಲ್ಲೇ. ಅದನ್ನು ನೋಡಿ ಜನ ಇಳಿದುಬಿಡುತ್ತಾರೆ. ಸ್ವಲ್ಪ ಹಿಂದಕ್ಕೆ ನಡೆದರೆ, ಆ ಗುಡಿಗಿಂತ ಎಷ್ಟೋ ಹಳೆಯ ಕಲ್ಲುಗೋರಿಗಳಿವೆ. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಗುಡ್ಡದ ಮೇಲೆ ರಂಟೆ (ನೇಗಿಲು) ಹೊಡೆಯಲು ಆಗುವುದಿಲ್ಲ ಅಲ್ವಾ, ಅದಕ್ಕೇ ಉಳಿದಿವೆ.

ಕೆಳಗಿನ ಎರೆ ಹೊಲಗಳ ಕಥೆ ಬೇರೆ. ಮಲಪ್ರಭೆ ಕಡೆ ಹೋಗುವಾಗ, ಹಿಂಗಾರಿ ಜೋಳಕ್ಕೆ ಹದ ಮಾಡಿದ ಹೊಲವೊಂದರ ನಡುವೆ ವೀರಗಲ್ಲು ಕಂಡಿತು. ಕೆಳಗೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ವೀರನ ಮುಖ ಸವೆದಿದೆ. ಸೊಂಟದ ಕಠಾರಿ ಮಾತ್ರ ಬೆರಳಿಗೆ ಈಗಲೂ ಸಿಗುತ್ತದೆ. ಸುತ್ತ ನೆಲ ಉತ್ತಿರಲಿಲ್ಲ. ಹೊಲದ ಯಜಮಾನರನ್ನು ಕೇಳಿದೆ.

"ಇಷ್ಟು ಜಾಗ ಯಾಕ ಬಿಟ್ಟೀರಿ ಕಾಕಾ?"

"ನಮ್ಮಪ್ಪ ಬಿಟ್ಟಿದ್ದ, ನಾನೂ ಬಿಟ್ಟೀನಿ ತಮ್ಮಾ. ಟ್ರ್ಯಾಕ್ಟರ್ ಹುಡುಗಗ ಮೊದಲ ಹೇಳತೀನಿ, ಎರಡು ಮಾರು ಆಚೆ ಹೊಡಿ ಅಂತ."

ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ, ಆಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಹೊಲದ ನಡುವಿನ ಈ ಕಲ್ಲಿಗೆ ಇರುವುದು ಕಾಕಾನ ಎರಡು ಮಾರು ಅಷ್ಟೇ. ಪಕ್ಕದ ಹೊಲದಲ್ಲಿ ಅದೂ ಇರಲಿಲ್ಲ. ಜೆಸಿಬಿ ತಂದು ಸಮ ಮಾಡಿಸಿ, ಕೆತ್ತಿದ ಕಲ್ಲುಗಳನ್ನೆಲ್ಲ ಒಡ್ಡಿಗೆ ಹಾಕಿದ್ದರು. ನನಗೆ ಹೊಟ್ಟೆ ಉರಿಯಿತು. ಕಲ್ಲು ಉಳಿದರೆ ಸಾಲದು, ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲಬೇಕು. ವೀರ ಯಾವ ಊರಿಗಾಗಿ, ಯಾವ ದನಗಳಿಗಾಗಿ ಸತ್ತ ಅಂತ ಹುಡುಕಲು ಆ ಜಾಗವೇ ಮೊದಲ ಸುಳಿವು.

ಉತ್ತ ಮಣ್ಣಿನಲ್ಲಿ ಗಡಿಗೆಯ ಚೂರೊಂದು ಸಿಕ್ಕಿತು. ಒಳಗೆ ಕಪ್ಪು, ಹೊರಗೆ ಕೆಂಪು. ಎತ್ತಿನ ರಂಟೆ ಮೇಲೆ ಮೇಲೆ ಹೋಗುತ್ತಿತ್ತು, ಟ್ರ್ಯಾಕ್ಟರ್ ಬಂದ ಮೇಲೆ ಇವು ಜಾಸ್ತಿ ಏಳುತ್ತಿವೆ ಎಂದರು ಕಾಕಾ. ಆಳಕ್ಕೆ ಹೊಡೆದಂತೆ ಮಣ್ಣಿನ ಪದರ ಮಗುಚುತ್ತದೆ. ಯಾವುದು ಯಾವ ಕಾಲದ್ದು ಎಂದು ಆಮೇಲೆ ಬಿಡಿಸಲು ಬರುವುದಿಲ್ಲ. ಚೂರಿನ ಫೋಟೋ ತೆಗೆದು, ಸಿಕ್ಕಲ್ಲೇ ಇಟ್ಟೆ.

ಅಷ್ಟರಲ್ಲಿ ಕಾಕಾ ಕಲ್ಲಿನ ಬುಡದಲ್ಲಿ ಕೂತು ಜಾಲಿ ಸಸಿ ಕೀಳುತ್ತಿದ್ದರು. "ಇದರ ಬೇರು ದಪ್ಪ ಆತಂದ್ರ ಕಲ್ಲನ್ನ ಎಬ್ಬಸ್ತೈತಿ" ಎಂದರು. ನಾನೂ ಪಕ್ಕದಲ್ಲಿ ಕೂತು ಇನ್ನೊಂದನ್ನು ಕಿತ್ತೆ.