ಟೆನ್ಷನ್‌ನಿಂದ ಬಂತಾ ಡಾಕ್ಟ್ರೇ?

ಅಪ್ಪನಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಕೂತೆ. ಬೆರಳ ಸಂದಿಯಲ್ಲಿ ಪುಡಿ ನಿಲ್ಲಲೇ ಇಲ್ಲ. ಎಳೆ ಬೀಳೋ ಕಡೆ ಗುಪ್ಪೆ ಬಿತ್ತು. ಆಮೇಲೆ ಕುಕ್ಕರ್ ಮುಚ್ಚಳವೂ ತೆಗೆಯಲಾಗಲಿಲ್ಲ.

ಪಕ್ಕದ ಮನೆ ಆಂಟಿ ‘ವಾಯು ಕಣೇ, ಆಲೂಗಡ್ಡೆ ಬಿಡು’ ಅಂದರು. ಹತ್ತಿರದ ಕ್ಲಿನಿಕ್‌ನಲ್ಲಿ ‘ಟೆನ್ಷನ್ ಮಾಡ್ಕೋಬೇಡಿ’ ಅಂತ ನೋವಿನ ಮಾತ್ರೆ ಬರೆದರು. ರಾತ್ರಿ ಎರಡು ಸಲ ಎದ್ದು ಅಪ್ಪನ ಮಗ್ಗುಲು ಬದಲಿಸುವವಳು ಟೆನ್ಷನ್ ಮಾಡ್ಕೋಬಾರದು ಅಂದರೆ ಹೇಗೆ?

ಎರಡು ತಿಂಗಳ ಮೇಲೆ ಕೀಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಎರಡೂ ಕೈಯ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ‘ಬೆಳಿಗ್ಗೆ ಕೈ ಸಡಿಲ ಆಗೋಕೆ ಎಷ್ಟು ಹೊತ್ತು?’ ‘ಒಂದು ಗಂಟೆ ಮೇಲೇ.’ ರಕ್ತದಲ್ಲಿ ಆಂಟಿ ಸಿಸಿಪಿ ಅನ್ನೋ ಆಂಟಿಬಾಡಿ ಪಾಸಿಟಿವ್ ಬಂತು. ರುಮಟಾಯ್ಡ್ ಆರ್ಥ್ರೈಟಿಸ್. ಮೈ ಕಾಯಬೇಕಾದ ಪಡೆ ತನ್ನದೇ ಕೀಲುಗಳ ಮೇಲೆ ಬಿದ್ದಿತ್ತು.

‘ಟೆನ್ಷನ್‌ನಿಂದ ಬಂತಾ ಡಾಕ್ಟ್ರೇ?’

ಅವರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಒತ್ತಡ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಮಾಮೂಲಿಯಾಗಿ ಉರಿಊತವನ್ನು ಹತೋಟಿಯಲ್ಲಿ ಇಡುತ್ತದಂತೆ. ಒತ್ತಡ ತಿಂಗಳುಗಟ್ಟಲೆ ಎಳೆದರೆ ಜೀವಕೋಶಗಳು ಅದರ ಮಾತಿಗೆ ಕಿವಿಗೊಡುವುದಿಲ್ಲವಂತೆ, ದಿನವಿಡೀ ಕೂಗೋ ಅಮ್ಮನ ಮಾತು ಮಕ್ಕಳ ಕಿವಿಗೆ ಬೀಳಲ್ವಲ್ಲ, ಹಾಗೆ. ಸ್ವೀಡನ್‌ನಲ್ಲಿ ಆಘಾತ, ಒತ್ತಡಗಳಿಂದ ಮಾನಸಿಕ ತೊಂದರೆಗೆ ಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಅವರ ಒಡಹುಟ್ಟಿದವರ ಜೊತೆಗೂ ಹೋಲಿಸಿ ನೋಡಿದ್ದಾರೆ. 2018ರಲ್ಲಿ ಬಂದ ವರದಿ. ಮೈಯ ಪಡೆ ಮೈಮೇಲೇ ಬೀಳೋ ಇಂಥ ಕಾಯಿಲೆ ಅವರಲ್ಲೇ ಜಾಸ್ತಿ ಕಂಡಿತ್ತು. ‘ಆದರೆ ಅದರಿಂದಲೇ ಬಂತು ಅಂತ ಅಲ್ಲ. ವಂಶವಾಹಿ ಇದೆ, ಸಿಗರೇಟ್ ಇದೆ. ನಿಮ್ಮ ರಕ್ತದಲ್ಲಿರೋ ಈ ಆಂಟಿಬಾಡಿ ಕೀಲು ಊದಿಕೊಳ್ಳೋಕೆ ಎಷ್ಟೋ ವರ್ಷ ಮೊದಲೇ ಬಂದಿರಬಹುದು.’

ಆ ಕೊನೆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಅದು ಬೇಕಾಗಿತ್ತು. ಯಾಕೆಂದರೆ ಬಾಗಿಲಲ್ಲೇ ಅಪ್ಪ ತೊದಲುತ್ತಾ ಕೇಳಿದರು, ‘ನನ್ನಿಂದ ಆಯ್ತಾ ಮಗಳೇ?’

‘ಇಲ್ಲಪ್ಪ. ನೀವು ಬೀಳೋಕೆ ಮುಂಚೆನೇ ನನ್ನೊಳಗೆ ಸೇರಿಕೊಂಡಿತ್ತಂತೆ.’ ‘ಸೇರಿರಬಹುದು’ ಅಂದಿದ್ದನ್ನು ನಾನು ‘ಸೇರಿಕೊಂಡಿತ್ತು’ ಮಾಡಿದೆ, ನಿಜ.

ಇದಕ್ಕೆ ಕೊಟ್ಟ ಮಾತ್ರೆ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಭಾನುವಾರ ನಾನು ಮಾತ್ರೆ ನುಂಗುವವರೆಗೂ ಅಪ್ಪ ಕ್ಯಾಲೆಂಡರ್ ಹಿಡಿದು ಕೂತಿರುತ್ತಾರೆ. ನುಂಗಿದ ಮೇಲೆ ಎಡಗೈಯಲ್ಲಿ ಒಂದು ಸೊಟ್ಟ ಗೀಟು ಎಳೆಯುತ್ತಾರೆ. ಈಚೆಗೆ ನನ್ನ ರಂಗೋಲಿ ಎಳೆಯೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ.