ಬಿಎಸ್ಸಿ ಓದ್ತಿರುವಾಗಲೇ ರಿಸರ್ಚ್ ಲ್ಯಾಬ್ ಒಳಗೆ ಹೋಗೋದು ಹೇಗೆ?

ಮುಂಬೈ ಮಾಟುಂಗಾದಲ್ಲಿರೋ ಕನ್ನಡಿಗರ ಮೈಸೂರು ಅಸೋಸಿಯೇಷನ್‌ನಲ್ಲಿ ಯಾವ ಕಾರ್ಯಕ್ರಮಕ್ಕೆ ಹೋದ್ರೂ ಯಾರಾದ್ರೂ ಒಬ್ರು ಪಕ್ಕಕ್ಕೆ ಕರೆದು ಕೇಳೇ ಕೇಳ್ತಾರೆ, "ನಮ್ಮ ಹುಡುಗಿ ಬಿಎಸ್ಸಿ ಕೆಮಿಸ್ಟ್ರಿ ಎರಡನೇ ವರ್ಷ, ರಿಸರ್ಚ್ ಮಾಡ್ಬೇಕಂತೆ, ನಿಮಗೆ ಲ್ಯಾಬಲ್ಲಿ ಯಾರಾದ್ರೂ ಪರಿಚಯ ಇದ್ದಾರಾ?" ಅಂತ. ನಾನು ಮುಂಬೈಲೇ ಓದಿ ಇಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬಲ್ಲಿ ಕೆಲಸ ಮಾಡೋಳು, ಅದಕ್ಕೇ ಕೇಳ್ತಾರೆ. ಪರಿಚಯ ಬೇಕಾಗಿಲ್ಲ. ಆ ಲ್ಯಾಬಿನವರು ಬರೆದ ಒಂದು ರಿಸರ್ಚ್ ಪೇಪರ್ ಸರಿಯಾಗಿ ಓದಿರಬೇಕು, ಅದರ ಬಗ್ಗೆ ಅವರಿಗೆ ಒಂದು ಮೇಲ್ ಬರೀಬೇಕು, ಒಳಗೆ ಹೋದಮೇಲೆ ಬಿಟ್ಟು ಬರಬಾರದು, ಇಷ್ಟೇ.

ನಾನು ಡಿಗ್ರಿಲಿದ್ದಾಗ ಸುಮಾರು ನಲವತ್ತು ಮೇಲ್ ಕಳಿಸಿದ್ದೆ, ಎಲ್ಲದರಲ್ಲೂ ಅದೇ ಅಕ್ಷರ, ಹೆಸರು ಮಾತ್ರ ಬದಲು. ಒಂದಕ್ಕೂ ಉತ್ತರ ಬರಲಿಲ್ಲ, ತುಂಬಾ ಬೇಜಾರಾಗಿತ್ತು. ಆಮೇಲೆ ಒಬ್ರು ಮೇಡಂ ಪೇಪರ್ ಹಿಡ್ಕೊಂಡು ಒಂದು ವಾರ ಕೂತೆ, ಅರ್ಧ ಅರ್ಥ ಆಗಲಿಲ್ಲ, ಆದ್ರೆ ಟೇಬಲ್‌ನಲ್ಲಿ ಎಲ್ಲ ಕಾಂಪೌಂಡ್‌ಗೂ ಒಳ್ಳೆ ಯೀಲ್ಡ್ (ಕೊನೆಗೆ ಕೈಗೆ ಸಿಗೋ ಪ್ರಮಾಣ) ಇದ್ದು ನೈಟ್ರೋ ಗ್ರೂಪ್ ಇರೋ ಒಂದಕ್ಕೆ ಮಾತ್ರ ಕಮ್ಮಿ ಇತ್ತು. ಅದ್ಯಾಕೆ ಅಂತ ಕೇಳಿ, ಶನಿವಾರ ಬಂದು ಏನು ಕೆಲಸ ಕೊಟ್ರೂ ಮಾಡ್ತೀನಿ ಅಂತ ಆರು ಸಾಲು ಬರೆದೆ. ಎರಡೇ ಸಾಲಿನ ಉತ್ತರ ಬಂತು, ಗುರುವಾರ ಬಾ, ಮಾತಾಡೋಣ ಅಂತ.

ಮೊದಲ ತಿಂಗಳು ಗ್ಲಾಸ್ ತೊಳೆದೆ, ಟಿಎಲ್‌ಸಿ ಪ್ಲೇಟ್ (ಮಿಶ್ರಣದಲ್ಲಿ ಏನೇನಿದೆ ಅಂತ ನೋಡೋ ತೆಳು ಪ್ಲೇಟ್) ಮೇಲೆ ಸ್ಪಾಟ್ ಇಡೋದು ಕಲಿತೆ, ಸೀನಿಯರ್‌ಗೆ ಕಾಲಮ್‌ಗೆ (ಮಿಶ್ರಣ ಬೇರ್ಪಡಿಸೋ ಗಾಜಿನ ಕೊಳವೆ) ಸಿಲಿಕಾ ಪುಡಿ ತುಂಬಿಸಿಕೊಟ್ಟೆ. ಇದು ರಿಸರ್ಚ್ ಅಲ್ಲ ಅಂತ ಎಷ್ಟೋ ಮಕ್ಕಳು ಮೂರನೇ ವಾರಕ್ಕೇ ಬಿಡ್ತಾರೆ, ಆಗ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಮುಂದಿನ ವಾರಾನೇ ಅಸಲಿ ಕೆಲಸ ಕೈಗೆ ಬರೋದಿರುತ್ತೆ.

ನನ್ನ ಕೈಗೆ ಬಂದಿದ್ದು ಗ್ರಿನ್ಯಾರ್ ರಿಯಾಕ್ಷನ್, ಮೆಗ್ನೀಸಿಯಂ ಬಳಸಿ ಕಾರ್ಬನ್‌ಗೆ ಕಾರ್ಬನ್ ಜೋಡಿಸೋದು, ಸ್ವಲ್ಪ ತೇವ ಇದ್ರೂ ಶುರುವಾಗಲ್ಲ. ವಿಕ್ಟರ್ ಗ್ರಿನ್ಯಾರ್‌ಗೆ 1912ರಲ್ಲಿ ನೊಬೆಲ್ ಬಂದಿದ್ದು ಇದಕ್ಕೇನೇ, ಟೆಕ್ಸ್ಟ್‌ಬುಕ್‌ನಲ್ಲಿ ಒಂದು ಬಾಣದ ಗುರುತು ಅಷ್ಟೇ. ಜುಲೈ ತಿಂಗಳು, ಹೊರಗೆ ಮೂರು ದಿನದಿಂದ ಮಳೆ. ಮೆಗ್ನೀಸಿಯಂ ಚೂರು, ಒಣಗಿಸಿದ ಈಥರ್, ಬ್ರೋಮೋಬೆಂಜೀನ್, ಎಲ್ಲ ಹಾಕಿದ್ರೂ ಏನೂ ಆಗ್ಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲಾನೂ ಹಾಗೇ. ಆಗ ಸೀನಿಯರ್ ಅಕ್ಕ ನನ್ನನ್ನ ಕರ್ಕೊಂಡು ಹೋಗಿ ಈಥರ್ ಒಣಗಿಸೋ ಫ್ಲಾಸ್ಕ್ ತೋರಿಸಿದ್ರು. ಅದರಲ್ಲಿ ಸೋಡಿಯಂ ಜೊತೆ ಬೆಂಜೋಫಿನೋನ್ ಇರುತ್ತೆ, ನೀರು, ಆಕ್ಸಿಜನ್ ಎರಡೂ ಇಲ್ಲ ಅಂದ್ರೆ ಮಾತ್ರ ಗಾಢ ನೀಲಿ. ನೀಲಿಯಾಗೇ ಇತ್ತು. ಅಂದ್ರೆ ತಪ್ಪು ಈಥರ್‌ದಲ್ಲ. ನಾನು ಓವನ್‌ನಿಂದ ತೆಗೆದ ಫ್ಲಾಸ್ಕನ್ನ ಬೆಂಚ್ ಮೇಲೆ ಆರೋಕೆ ಇಡ್ತಿದ್ದೆ, ಮುಂಬೈ ಮಳೆಗಾಲದ ಗಾಳಿ, ಗಾಜು ತಣ್ಣಗಾಗ್ತಾ ಒಳಗೆಲ್ಲ ಕಣ್ಣಿಗೆ ಕಾಣದ ತೇವ ಕೂತ್ಕೊಳ್ತಿತ್ತು. ನಾಲ್ಕನೇ ಸಲ ನೈಟ್ರೋಜನ್ ಹರಿಸ್ತಾನೇ ಆರಿಸಿದೆ, ರಿಯಾಕ್ಷನ್ ಶುರು ಮಾಡಿಸೋಕೆ ಒಂದು ಹರಳು ಅಯೋಡಿನ್ ಹಾಕಿದೆ. ಕಂದು ಬಣ್ಣ ಮೆಲ್ಲಗೆ ಮಾಯ ಆಯ್ತು, ಮೆಗ್ನೀಸಿಯಂ ಸುತ್ತ ಸಣ್ಣ ಸಣ್ಣ ಗುಳ್ಳೆ, ದ್ರಾವಣ ಮಬ್ಬಾಯ್ತು, ಆಮೇಲೆ ಕೆಳಗೆ ಹೀಟರ್ ಇಲ್ಲದೇನೇ ಈಥರ್ ತನ್ನಷ್ಟಕ್ಕೆ ಕುದಿಯೋಕೆ ಶುರುವಾಯ್ತು. ಆ ಫ್ಲಾಸ್ಕ್ ಮುಂದೆ ನಿಂತಿದ್ದು ಇವತ್ತಿಗೂ ಮರೆತಿಲ್ಲ. ಸೋತ ಮೂರು ಸಲದ್ದೂ ನೋಟ್‌ಬುಕ್‌ನಲ್ಲಿ ಬರೆದಿದ್ದೆ, ಹೊಸದಾಗಿ ಬರೋ ಮಕ್ಕಳಿಗೆ ಈಗಲೂ ಅದೇ ಪುಟ ತೋರಿಸ್ತೀನಿ.

ಎಲ್ಲಿಗೆ ಬರೀಬೇಕು ಅಂತಾನೂ ಕೇಳ್ತಾರೆ. ನಮ್ಮ ಮಾಟುಂಗಾದಲ್ಲೇ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಇದೆ, 1933ರಲ್ಲಿ ಮುಂಬೈ ಯೂನಿವರ್ಸಿಟಿಯ ಡಿಪಾರ್ಟ್‌ಮೆಂಟ್ ಆಗಿ ಶುರುವಾಗಿದ್ದು, ಹಳಬರು ಈಗಲೂ ಯುಡಿಸಿಟಿ ಅಂತಾರೆ. ಪವಾಯಿಲಿ ಐಐಟಿ, ಕೊಲಾಬಾದಲ್ಲಿ ಟಿಐಎಫ್ಆರ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್). ಪುಣೆ ಕಡೆಯವರಿಗೆ ಪಾಷಾಣ್‌ನಲ್ಲಿ 1950ರ ಎನ್‌ಸಿಎಲ್ (ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿ), ಅದರ ಪಕ್ಕದಲ್ಲೇ ಸೈನ್ಸ್ ಓದಿಸಿ ರಿಸರ್ಚೂ ಮಾಡೋ ಐಸರ್. ಮಾನ್‌ಖುರ್ದ್‌ನ ಹೋಮಿ ಭಾಭಾ ಸೈನ್ಸ್ ಎಜುಕೇಷನ್ ಸೆಂಟರ್ ಡಿಗ್ರಿ ಮಕ್ಕಳಿಗೆ ಅಂತಲೇ ಎನ್‌ಐಯುಎಸ್ ಅನ್ನೋ ರಿಸರ್ಚ್ ತರಬೇತಿ ಪ್ರೋಗ್ರಾಂ ನಡೆಸುತ್ತೆ, ಸೈನ್ಸ್ ಅಕಾಡೆಮಿಗಳ ಎರಡು ತಿಂಗಳ ಸಮ್ಮರ್ ಫೆಲೋಶಿಪ್ಪೂ ಇದೆ, ಅದಕ್ಕೆ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಸುಮಾರಿಗೇ ಹಾಕ್ಬೇಕು, ಏಪ್ರಿಲ್‌ನಲ್ಲಿ ನೆನಪಾದ್ರೆ ಆಗಲ್ಲ. ನಿಮ್ಮ ಕಾಲೇಜಲ್ಲೇ ಒಬ್ರು ಲೆಕ್ಚರರ್ ಸಣ್ಣದಾಗಿ ಏನಾದ್ರೂ ಮಾಡ್ತಿದ್ರೆ ಮೊದಲು ಅವರನ್ನೇ ಕೇಳಿ, ಲೋಕಲ್ ಟ್ರೈನಲ್ಲಿ ಎರಡು ಗಂಟೆ ಹೋಗೋದೂ ಉಳಿಯುತ್ತೆ. ದುಡ್ಡು ತಗೊಂಡು ಹದಿನೈದು ದಿನಕ್ಕೆ ಸರ್ಟಿಫಿಕೇಟ್ ಕೊಡೋ ಇಂಟರ್ನ್‌ಶಿಪ್‌ಗೆ ಮಾತ್ರ ಸೇರಬೇಡಿ, ನಾನು ನೋಡಿದ ಮಟ್ಟಿಗೆ ಅಲ್ಲಿಂದ ಬಂದವರ ಕೈಗೆ ಯಾವ ಕೆಲಸಾನೂ ಹತ್ತಿರಲಿಲ್ಲ.

ಅಮ್ಮಂದಿರು ಕೇಳೋದು ಬೇರೆ, ಕೆಮಿಕಲ್ ಅಂದ್ರೆ ಅಪಾಯ ಅಲ್ವಾ ಅಂತ. ಹೌದು, ಅಪಾಯ ಇದೆ. ಕನ್ನಡಕ, ಕೋಟು, ಮುಚ್ಚಿದ ಚಪ್ಪಲಿ ಇಲ್ಲದೆ ಒಳಗೆ ಬಿಡೋ ಲ್ಯಾಬಿಗೆ ಕಳಿಸಬೇಡಿ, ಮತ್ತೆ ಮಕ್ಕಳು ರಾತ್ರಿ ಒಬ್ರೇ ಕೆಲಸ ಮಾಡಬಾರದು, ಎಷ್ಟೇ ಅರ್ಜೆಂಟ್ ಇರಲಿ.

ಮೇಲ್ ಬರೆದು ಸರಿ ಇದೆಯಾ ಅಂತ ನೋಡಿಸ್ಬೇಕು ಅಂದ್ರೆ ನಂಗೆ ತೋರಿಸಿ, ಖಂಡಿತ ಓದ್ತೀನಿ. ಜೊತೆಗೆ ಆ ಪೇಪರ್‌ನ ಪ್ರಿಂಟೂ ತನ್ನಿ, ಅರ್ಥ ಆಗದ ಕಡೆ ನೀವೇ ಪೆನ್ಸಿಲಲ್ಲಿ ಗೆರೆ ಎಳೆದಿರೋದು.